ಮುಳ್ಳಿನ ಭಾರ

ತಂದೆಯವರು ಎಪ್ಪತ್ತರ ದಶಕದಲ್ಲಿ ಕೊಂಡಿದ್ದ ಟರ್ನ್‌ಟೇಬಲ್ ವಿಶಾಖಪಟ್ಟಣದ ನಮ್ಮ ವಸತಿಗೃಹದ ಅಟ್ಟದ ಮೇಲೆ ಹನ್ನೊಂದು ವರ್ಷ ಮಲಗಿತ್ತು. ಬಂದರಿನ ಕಡೆಯಿಂದ ಬೀಸುವ ಉಪ್ಪುಗಾಳಿ ಕಿಟಕಿಯ ಸರಳುಗಳನ್ನೇ ತಿನ್ನುವ ಊರಿದು. ಯಂತ್ರದ ತೆಳು ಸ್ಪ್ರಿಂಗುಗಳನ್ನು ಬಿಟ್ಟೀತೆ? ಅದನ್ನು ದುರಸ್ತಿ ಮಾಡಿಸಬೇಕೋ, ಹೊಸದೊಂದನ್ನು ಕೊಳ್ಳಬೇಕೋ ಎಂಬ ಪ್ರಶ್ನೆಗೆ ಉತ್ತರ ಹುಡುಕಲು ನನಗೆ ಮೂರು ತಿಂಗಳು ಹಿಡಿಯಿತು.

ಬಿಚ್ಚಿ ನೋಡಿದಾಗ ಕೀಲೆಣ್ಣೆ ಮೇಣದಂತೆ ಗಟ್ಟಿಯಾಗಿತ್ತು. ಮೋಟಾರಿನ ಚಲನೆಯನ್ನು ತಟ್ಟೆಯ ಒಳ ಅಂಚಿಗೆ ಮುಟ್ಟಿಸುವ ರಬ್ಬರ್ ಚಕ್ರ ಒಂದೇ ಕಡೆ ಒತ್ತಿಕೊಂಡು ಚಪ್ಪಟೆಯಾಗಿತ್ತು. ಆ ಚಕ್ರಕ್ಕೆ ಹೊಸ ರಬ್ಬರ್ ಹೊದಿಸಿಕೊಟ್ಟವರು ವಿಜಯವಾಡದ ಒಬ್ಬ ವೃದ್ಧ ರೇಡಿಯೊ ಮೆಕ್ಯಾನಿಕ್. ಹಳೆಯ ಯಂತ್ರಗಳಲ್ಲಿ ರೋಷೆಲ್ ಲವಣದ ಹರಳಿನ ಕಾರ್ಟ್ರಿಜ್ ಇದ್ದರೆ ಸಮುದ್ರತೀರದ ತೇವಕ್ಕೆ ಅದು ಕೆಟ್ಟೇ ಹೋಗುತ್ತದೆ. ನಮ್ಮದು ಸೆರಾಮಿಕ್ ಆದ್ದರಿಂದ ಉಳಿದಿತ್ತು. ವೇಗವನ್ನು ಪರೀಕ್ಷಿಸಲು 180 ಗೆರೆಗಳ ಕಾಗದದ ಬಿಲ್ಲೆಯೊಂದನ್ನು ತಟ್ಟೆಯ ಮೇಲಿಟ್ಟು ಹಳೆಯ ಟ್ಯೂಬ್‌ಲೈಟಿನ ಬೆಳಕಿನಲ್ಲಿ ನೋಡಿದೆ. ನಮ್ಮ 50 ಹರ್ಟ್ಸ್ ವಿದ್ಯುತ್ತಿನಲ್ಲಿ ದೀಪ ಸೆಕೆಂಡಿಗೆ ನೂರು ಬಾರಿ ಮಿನುಗುವುದರಿಂದ, ವೇಗ ನಿಮಿಷಕ್ಕೆ ಸರಿಯಾಗಿ ಮೂವತ್ತಮೂರೂಕಾಲಿಗಿಂತ ತುಸು ಹೆಚ್ಚು, ಅಂದರೆ 33⅓ ಸುತ್ತು ಇದ್ದರೆ ಗೆರೆಗಳು ನಿಂತಂತೆ ಕಾಣುತ್ತವೆ. ನಿಂತವು. ಆ ಕ್ಷಣದ ಹೆಮ್ಮೆಯನ್ನು ಬಚ್ಚಿಡಲಾರೆ.

ಆದರೆ ಹೆಮ್ಮೆ ತೀರ್ಪು ಕೊಡಬಾರದು. ಸಹೋದ್ಯೋಗಿಯೊಬ್ಬರ ಹೊಸ ಆರಂಭಿಕ ಮಾದರಿಯನ್ನು ಮನೆಗೆ ತಂದು, ಒಂದೇ ಎಲ್‌ಪಿಯನ್ನು ಎರಡರಲ್ಲೂ ಕೇಳಿದೆವು. ಹೊಸದರಲ್ಲಿ ಬೆಲ್ಟ್ ಮೋಟಾರಿನ ನಡುಕವನ್ನು ನುಂಗಿಕೊಳ್ಳುತ್ತದೆ. ಹಳೆಯದರಲ್ಲಿ ರಬ್ಬರ್ ಚಕ್ರ ಅದನ್ನು ತಟ್ಟೆಗೆ ದಾಟಿಸಿ ತಗ್ಗುದನಿಯ ಗುಡುಗಾಗಿಸುತ್ತದೆ. ಪುಟ್ಟ ತಕ್ಕಡಿಯಲ್ಲಿ ಮುಳ್ಳಿನ ಭಾರ ತೂಗಿದೆ: ಹೊಸದು ಮೂರು ಗ್ರಾಂ, ಹಳೆಯದು ಆರು. ಎಲ್‌ಪಿಯ ಸಪೂರ ಗೀರಿನ ಮೇಲೆ ಆ ಆರು ಗ್ರಾಂ ಪ್ರತಿ ಸಲವೂ ಸವೆತವೇ. ಎಲ್‌ಪಿ ಕೇಳುವವರು ಹೊಸದನ್ನೇ ಕೊಳ್ಳಲಿ ಎಂಬುದು ನನ್ನ ಅಭಿಪ್ರಾಯ. ಆದರೆ ಸೂಟ್‌ಕೇಸಿನ ಆಕಾರದ ಅಗ್ಗದ ಯಂತ್ರಗಳು ಬೇಡ. ಅವುಗಳಲ್ಲಿ ಸಾಮಾನ್ಯವಾಗಿ ಇರುವುದು ಅದೇ ಭಾರದ ಸೆರಾಮಿಕ್ ಮುಳ್ಳು. ಜೊತೆಗೆ ಅದೇ ಪೆಟ್ಟಿಗೆಯ ಸ್ಪೀಕರಿನ ಕಂಪನ.

ಹಾಗಾದರೆ ಹಳೆಯದು ಗುಜರಿಗೋ? ಅಲ್ಲ. ಕನ್ನಡ ಭಾವಗೀತೆ ಕ್ಯಾಸೆಟ್ಟಿಗೆ ಬಂದದ್ದು 1978ರ ‘ನಿತ್ಯೋತ್ಸವ’ದಿಂದ. ಅದಕ್ಕೂ ಹಿಂದಿನ ಪಿ. ಕಾಳಿಂಗರಾಯರ ಕಂಠ ನಮ್ಮ ಮನೆಗಳಲ್ಲಿ ಉಳಿದಿರುವುದು ನಿಮಿಷಕ್ಕೆ 78 ಸುತ್ತಿನ ಅರಗಿನ ತಟ್ಟೆಗಳಲ್ಲಿ. ಅವುಗಳ ಗೀರು ಎಲ್‌ಪಿಗಿಂತ ಬಹಳ ಅಗಲ. ಎಲ್‌ಪಿಯ ಮುಳ್ಳು ಅದರ ತಳಕ್ಕಿಳಿದು ಧೂಳನ್ನೇ ಹಾಡಿಸುತ್ತದೆ. ಅನೇಕ ಆರಂಭಿಕ ಮಾದರಿಗಳಲ್ಲಿ 78ರ ವೇಗವೇ ಇಲ್ಲ. ವೇಗವೂ ಮುಳ್ಳು ಬದಲಿಸುವ ಅನುಕೂಲವೂ ಇರುವವಕ್ಕೆ ಬೆಲೆ ಹೆಚ್ಚು. ನನ್ನ ಹಳೆಯ ಯಂತ್ರದಲ್ಲಾದರೋ ಕಾರ್ಟ್ರಿಜ್ಜನ್ನು ತಿರುಗಿಸಿದರೆ 78ರ ದಪ್ಪ ಮುಳ್ಳು ಸಿದ್ಧ. ದುರಸ್ತಿಯ ಸಾರ್ಥಕ್ಯ ಇರುವುದು ಇಲ್ಲಿ.

ಹೊರನಾಡಿನ ಕನ್ನಡಿಗರಿಗೆ ನನ್ನ ಬಿನ್ನಹ ಇಷ್ಟೆ. ವರ್ಗಾವಣೆಯಿಂದ ವರ್ಗಾವಣೆಗೆ ಟ್ರಂಕಿನಲ್ಲಿ ಸಾಗಿ ಬಂದ ಅರಗಿನ ತಟ್ಟೆಗಳಿದ್ದರೆ ಸ್ಪಿರಿಟ್‌ನಿಂದ ಒರೆಸಬೇಡಿ. ಅರಗು ಅದರಲ್ಲಿ ಕರಗುತ್ತದೆ. ನೆಟ್ಟಗೆ ನಿಲ್ಲಿಸಿಡಿ. ಸರಿಯಾದ ಮುಳ್ಳು ಸಿಕ್ಕಿದಾಗ ಮೊದಲ ಸಲವೇ ಕಂಪ್ಯೂಟರಿಗೆ ಮುದ್ರಿಸಿಕೊಳ್ಳಿ. ಯಂತ್ರ ಮತ್ತೊಂದು ಸಿಕ್ಕೀತು, ಅದೇ ತಟ್ಟೆ ಸಿಗುವುದು ಕಷ್ಟ. ಯಂತ್ರದ ಮೇಲಿನ ಮಮತೆಗಾಗಿ ತಟ್ಟೆಯನ್ನು ಸವೆಸುವುದು ತಂದೆಯವರ ನೆನಪಿಗೆ ಸಲ್ಲಿಸುವ ಗೌರವವಲ್ಲ.

ಶಾಲೆಯಲ್ಲಿ ತೆಲುಗು ಓದುವ ನನ್ನ ಮಗಳಿಗೆ ಕನ್ನಡವೆಂದರೆ ಮನೆಯೊಳಗಿನ ನಾಲ್ಕು ದನಿಗಳು ಮಾತ್ರ. ಮೂರು ನಿಮಿಷದ ಆ ಹಾಡು ಮುಗಿದಾಗ ಅವಳು, “ಅಪ್ಪಾ, ಇನ್ನೊಂದ್ಸಲ ಹಾಕು” ಎಂದಳು. ನಾನು ಮುಳ್ಳನ್ನು ಎತ್ತಿ ಬದಿಗಿಟ್ಟು ಮುದ್ರಿಸಿಕೊಂಡಿದ್ದನ್ನು ಹಾಕಿದೆ. ಅವಳಿಗೆ ವ್ಯತ್ಯಾಸ ಗೊತ್ತಾಯಿತು, ಮುಖ ಸಪ್ಪಗಾಯಿತು. ಅವಳ ಮಕ್ಕಳೂ ಒಮ್ಮೆ ಈ ತಟ್ಟೆಯಿಂದಲೇ ಕೇಳಲಿ ಎಂಬ ಆಸೆ ನನ್ನದು; ಅದಕ್ಕೆ ಇಂದಿನ ಈ ಸಣ್ಣ ನಿರಾಸೆ ಹೆಚ್ಚಿನ ಬೆಲೆಯೇನಲ್ಲ.