ಬೂಷ್ಟಿನ ಮೂಲ ಗಾಳಿಯಲ್ಲಿಲ್ಲ, ನೀರಿನಲ್ಲಿದೆ

ಅಮೆರಿಕದ ಹ್ಯೂಸ್ಟನ್ ಮೊದಲಾದ ದಕ್ಷಿಣದ ನಗರಗಳಲ್ಲಿ ಮಕ್ಕಳ ಮನೆಯಲ್ಲಿದ್ದು ಬಂದ ನಮ್ಮ ಹಿರಿಯರು ಅಲ್ಲಿಯ ಅಚ್ಚುಕಟ್ಟನ್ನು ಮುಕ್ತಕಂಠದಿಂದ ಹೊಗಳುತ್ತಾರೆ. ಆದರೆ ಬೇಸಗೆಯುದ್ದಕ್ಕೂ ಕಿಟಕಿ ಮುಚ್ಚಿಯೇ ಇರುವ ಆ ಮನೆಗಳಲ್ಲಿ, ಅಟ್ಟದ ಕತ್ತಲೆಯಲ್ಲಿ ಕೋಣೆಕೋಣೆಗೂ ಕವಲೊಡೆದು ಹೋಗುವ ಏಸಿಯ ತಂಪು ಗಾಳಿಯ ನಾಳಗಳಲ್ಲಿ ಬೂಷ್ಟು ಹಿಡಿಯುತ್ತದೆಂಬುದನ್ನೂ, ಆ ಭಯವನ್ನೇ ಬಂಡವಾಳ ಮಾಡಿಕೊಂಡು ನಾಳ ಶುದ್ಧಿಯ ವ್ಯಾಪಾರವೊಂದು ಬೆಳೆದಿದೆಯೆಂಬುದನ್ನೂ ಹೇಳುವವರು ವಿರಳ.

ಆ ದೇಶದ ಪರಿಸರ ಸಂರಕ್ಷಣಾ ಸಂಸ್ಥೆಯು 1997ರಷ್ಟು ಹಿಂದೆಯೇ ಈ ವಿಷಯದಲ್ಲಿ ಗೃಹಸ್ಥರಿಗೆ ತಿಳಿವಳಿಕೆ ಹೇಳಿತು. ನಾಳಗಳನ್ನು ಶುಚಿಗೊಳಿಸುವುದರಿಂದ ರೋಗ ತಪ್ಪುತ್ತದೆಂಬುದು ಸಿದ್ಧಪಟ್ಟಿಲ್ಲ. ಬೂಷ್ಟು ಕಣ್ಣಿಗೇ ಕಂಡಾಗ, ಇಲಿ ಹುಳುಗಳು ಸೇರಿಕೊಂಡಾಗ, ಇಲ್ಲವೇ ಧೂಳು ದಾರಿಗಟ್ಟಿದಾಗ ಆ ಕೆಲಸಕ್ಕೆ ಅರ್ಥವುಂಟು. ಹಾಗೆ ಮಾಡಿಸಿದರೂ ತೇವದ ಕಾರಣವನ್ನು ನಿವಾರಿಸದಿದ್ದರೆ ಬೂಷ್ಟು ಮರಳಿ ಬರುವುದು ನಿಶ್ಚಿತ ಎಂಬುದೇ ಆ ಉಪದೇಶದ ಸಾರ.

ಈ ಮಾತು ಯುಕ್ತವೆಂಬುದು ಬೂಷ್ಟಿನ ಸ್ವಭಾವವನ್ನು ಬಲ್ಲವರಿಗೆ ಕೂಡಲೇ ಹೊಳೆಯುತ್ತದೆ. ಶಿಲೀಂಧ್ರದ ಬೀಜಾಣುಗಳು ಎಲ್ಲ ಮನೆಗಳ ಗಾಳಿಯಲ್ಲಿಯೂ ತೇಲುತ್ತಿರುತ್ತವೆ, ಅವಕ್ಕೆ ಆಹಾರವಾಗುವ ಧೂಳಿಗೂ ಎಲ್ಲಿಯೂ ಕೊರತೆಯಿಲ್ಲ. ಅವು ಕಾದಿರುವುದು ನೀರೊಂದಕ್ಕೆ. ಸುಮಾರು 13 ಡಿಗ್ರಿ ಸೆಲ್ಸಿಯಸ್ ತಂಪಿನ ಗಾಳಿಯನ್ನು ಒಯ್ಯುವ ನಾಳದ ಹೊದಿಕೆ ಕೀಲಿನ ಬಳಿ ಹರಿದಿದ್ದರೆ, ಅಟ್ಟದ ಬಿಸಿಯಾದ ತೇವದ ಗಾಳಿ ಅಲ್ಲಿ ತಾಗಿ, ತಣ್ಣೀರು ತುಂಬಿದ ತಂಬಿಗೆಯ ಮೈಯಂತೆ ಅದು ಬೆವರುತ್ತದೆ. ಯಂತ್ರದ ತಂಪು ಸುರುಳಿಯಿಂದ ಇಳಿದ ನೀರು ತಟ್ಟೆಯೊಂದರಲ್ಲಿ ಸೇರಿ ಸಣ್ಣ ಕೊಳವೆಯ ಮೂಲಕ ಹೊರಹೋಗಬೇಕಷ್ಟೆ. ಲೋಳೆಗಟ್ಟಿ ಆ ಕೊಳವೆ ಕಟ್ಟಿಕೊಂಡಿತೆಂದರೆ ತಟ್ಟೆಯೇ ಬೂಷ್ಟಿನ ತವರಾಗುತ್ತದೆ. ಅಗತ್ಯಕ್ಕಿಂತ ದೊಡ್ಡ ಯಂತ್ರವನ್ನು ಕೂರಿಸಿದವರ ಪಾಡೂ ಅದೇ: ಅದು ಕ್ಷಣಮಾತ್ರದಲ್ಲಿ ಕೋಣೆಯನ್ನು ತಣಿಸಿ ನಿಂತುಬಿಡುವುದರಿಂದ ಗಾಳಿಯ ತೇವವನ್ನು ಹಿಂಡಿ ತೆಗೆಯಲು ಅದಕ್ಕೆ ಅವಕಾಶವೇ ಸಿಗುವುದಿಲ್ಲ.

ಬೂಷ್ಟು ನಿರುಪದ್ರವಿಯೆಂದು ನಾನು ಹೇಳುತ್ತಿಲ್ಲ. ಆಸ್ತಮಾ ಇರುವವರಿಗೂ, ರೋಗನಿರೋಧಕ ಶಕ್ತಿ ಕುಂದಿದವರಿಗೂ ಅದು ನಿಜವಾಗಿ ಪೀಡಾಕರ. ಅದಕ್ಕೆಂದೇ ನಾಳಕ್ಕೆ ಔಷಧಿ ಸಿಂಪಡಿಸಿ ಸಮಾಧಾನ ಪಡುವುದು ಸಲ್ಲದು. ಮನೆಯೊಳಗಿನ ಆರ್ದ್ರತೆಯನ್ನು ಶೇಕಡ 60ಕ್ಕಿಂತ ಕೆಳಗೆ, ಸಾಧ್ಯವಾದರೆ 30ರಿಂದ 50ರೊಳಗೆ, ಇರಿಸಬೇಕು. ನೆನೆದದ್ದನ್ನು 24ರಿಂದ 48 ಗಂಟೆಗಳೊಳಗೆ ಒಣಗಿಸಬೇಕು. ಒಳಗೆ ಗಾಜಿನ ನಾರಿನ ಹೊದಿಕೆಯುಳ್ಳ ನಾಳಕ್ಕೆ ಬೂಷ್ಟು ಹಿಡಿದರೆ ಅದನ್ನು ಉಜ್ಜುವ ಬದಲು ಕಿತ್ತು ಹೊಸದನ್ನು ಹಾಕಬೇಕು.

ಇದು ಪರದೇಶದ ಗೊಡವೆಯೆಂದು ನಾವು ಸುಮ್ಮನಿರುವಂತಿಲ್ಲ. ನಮ್ಮ ಕರಾವಳಿಯ ಹೆಂಚಿನ ಮನೆ ಹೆಂಚಿನ ಸಂದುಗಳಿಂದಲೂ ಜಾಲಂದ್ರಗಳಿಂದಲೂ ಉಸಿರಾಡುತ್ತಿತ್ತು. ಇಂದು ಮಂಗಳೂರು, ಉಡುಪಿಗಳಲ್ಲಿ ಏಳುತ್ತಿರುವ ಕಟ್ಟಡಗಳು ಗಾಜು ಮುಚ್ಚಿ ಏಸಿಯನ್ನು ನೆಚ್ಚಿವೆ. ಗೋಡೆಗೆ ತೂಗುವ ಏಸಿಗೆ ಉದ್ದದ ನಾಳವಿಲ್ಲದಿದ್ದರೂ ಸುರುಳಿ, ತಟ್ಟೆ, ಕೊಳವೆಗಳು ಇದ್ದೇ ಇವೆ. ಆದಕಾರಣ ಮನೆ ಕೊಳ್ಳುವವರು ಯಂತ್ರ ಎಷ್ಟು ತಂಪು ಕೊಡುತ್ತದೆಂದು ವಿಚಾರಿಸುವುದಕ್ಕೆ ಮೊದಲು, ಅದರ ನೀರು ಎಲ್ಲಿಗೆ ಹೋಗುತ್ತದೆ, ಆ ದಾರಿ ಕಟ್ಟಿಕೊಂಡರೆ ಕೈಹಾಕಿ ತೆರೆಯಲು ಬಾಗಿಲಿದೆಯೇ ಎಂದು ಕಟ್ಟುವವನನ್ನು ಕೇಳಬೇಕು; ಉತ್ತರಿಸಲಾರದವನಿಗೆ ಮುಂಗಡ ಕೊಡಬಾರದು.