ಎಲ್ಲರನ್ನೂ ಕಳ್ಳರೆಂದು ಎಣಿಸಿ ಬರೆದ ಕಾನೂನು

ಬೊಕ್ಕಸದ ಹಣವನ್ನು ಅಧಿಕಾರಿಗಳು ನುಂಗುವ 40 ಬಗೆಗಳನ್ನು ಕೌಟಿಲ್ಯ ‘ಅರ್ಥಶಾಸ್ತ್ರ’ದಲ್ಲಿ ಒಂದೊಂದಾಗಿ ಪಟ್ಟಿ ಮಾಡಿದ್ದಾನೆ. ಮೊದಲೇ ಬಂದ ಹಣವನ್ನು ತಡವಾಗಿ ಲೆಕ್ಕಕ್ಕೆ ಹಿಡಿಯುವುದು, ವಸೂಲಾದದ್ದನ್ನು ಆಗಿಲ್ಲವೆಂದು ಬರೆಯುವುದು, ತೂಕ ಅಳತೆಗಳಲ್ಲಿ ಕೈಚಳಕ ತೋರಿಸುವುದು, ಹೀಗೆ. ಲೆಕ್ಕಪರಿಶೋಧನೆಯ ವರದಿ ಓದುವ ಅಭ್ಯಾಸವಿರುವವರಿಗೆ ಇದರಲ್ಲಿ ಹೊಸತೇನೂ ಕಾಣದು. ಶತಮಾನಗಳ ಕಾಲ ಕಣ್ಮರೆಯಾಗಿದ್ದ ಈ ಗ್ರಂಥದ ತಾಳೆಗರಿ 1905ರಲ್ಲಿ ಮೈಸೂರಿನ ಓರಿಯಂಟಲ್ ಲೈಬ್ರರಿಯಲ್ಲಿ ಆರ್. ಶಾಮಶಾಸ್ತ್ರಿಗಳ ಕೈಗೆ ಸಿಕ್ಕಿತು, 1909ರಲ್ಲಿ ಅಚ್ಚಾಯಿತು. ಅಂದಿನಿಂದ ಕೌಟಿಲ್ಯನೆಂದರೆ ಯಾರನ್ನೂ ನಂಬದವನು ಎಂಬ ಚಿತ್ರ ನಮ್ಮ ಮನಸ್ಸಿನಲ್ಲಿ ನಿಂತಿದೆ. ಅದೇ ಗ್ರಂಥದಲ್ಲಿ 48,000 ಪಣದಿಂದ 60 ಪಣದವರೆಗೆ ಸಂಬಳದ ಪಟ್ಟಿಯೂ ಇದೆ. ಹೊಟ್ಟೆ ತುಂಬಿದವನು ಆಮಿಷಕ್ಕೆ ಸುಲಭವಾಗಿ ಬೀಳುವುದಿಲ್ಲ ಎಂಬ ಲೆಕ್ಕಾಚಾರ ಅದರ ಹಿಂದಿತ್ತು. ಗೂಢಚಾರರನ್ನೂ ಇಡು, ಸಂಬಳವನ್ನೂ ಸರಿಯಾಗಿ ಕೊಡು ಎನ್ನುವವನಿಗೆ ಮನುಷ್ಯನ ಬಗ್ಗೆ ಒಂದೇ ಅಭಿಪ್ರಾಯವಿತ್ತು ಎನ್ನಲಾಗದು.

ಮನುಷ್ಯ ಮೂಲತಃ ಎಂಥವನು ಎಂಬ ಪ್ರಶ್ನೆ ಬರೀ ಕಟ್ಟೆಯ ಮೇಲಿನ ಹರಟೆಯಾಗಿದ್ದರೆ ಅದಕ್ಕೆ ಒಂದು ಸಂಪಾದಕೀಯ ಬೇಕಿರಲಿಲ್ಲ. ಆದರೆ ಪ್ರತಿಯೊಂದು ಕಾನೂನಿನೊಳಗೂ, ಪ್ರತಿಯೊಂದು ಅರ್ಜಿ ಫಾರಮಿನೊಳಗೂ ಅದಕ್ಕೊಂದು ಉತ್ತರ ಅಡಗಿ ಕೂತಿರುತ್ತದೆ. ಇಂಗ್ಲೆಂಡಿನ ಅಂತರ್ಯುದ್ಧವನ್ನು ಕಂಡ ಥಾಮಸ್ ಹಾಬ್ಸ್ 1651ರಲ್ಲಿ, ಎಲ್ಲರ ಮೇಲೊಬ್ಬ ಬಲಿಷ್ಠ ದೊರೆ ಇಲ್ಲದಿದ್ದರೆ ಜನ ಒಬ್ಬರನ್ನೊಬ್ಬರು ಕೊಲ್ಲುತ್ತಾರೆಂದ. 1755ರಲ್ಲಿ ರೂಸೋ ಅದನ್ನು ತಿರುಗಿಸಿ, ಮನುಷ್ಯನನ್ನು ಕೆಡಿಸಿದ್ದೇ ಆಸ್ತಿ ಮತ್ತು ಅಸಮಾನತೆ ಎಂದ. ಚೀನಾದಲ್ಲಿ ಇವರಿಬ್ಬರಿಗಿಂತ ಸುಮಾರು ಎರಡು ಸಾವಿರ ವರ್ಷ ಮೊದಲೇ ಮೆನ್ಸಿಯಸ್ ಮತ್ತು ಶುನ್‌ಜಿ ಎಂಬ ಚಿಂತಕರು ಇದೇ ಜಗಳ ಆಡಿ ಮುಗಿಸಿದ್ದರು. ಇವರಲ್ಲಿ ನನಗೆ ಹೆಚ್ಚು ಕುತೂಹಲ ಹುಟ್ಟಿಸುವವನು ಸ್ಕಾಟ್ಲೆಂಡಿನ ಡೇವಿಡ್ ಹ್ಯೂಮ್. ಕಾನೂನು ಮಾಡುವಾಗ ಪ್ರತಿಯೊಬ್ಬನನ್ನೂ ಠಕ್ಕನೆಂದೇ ಎಣಿಸಬೇಕು ಎಂದು ಅವನು 18ನೆಯ ಶತಮಾನದಲ್ಲಿ ಬರೆದ. ನಿಜಜೀವನದಲ್ಲಿ ಸುಳ್ಳಾಗಿರುವ ಮಾತು ರಾಜಕೀಯದಲ್ಲಿ ಮಾತ್ರ ಸರಿಯಾಗುವುದು ವಿಚಿತ್ರವೆಂದು ಜೊತೆಗೇ ಸೇರಿಸಿದ. ಮುಂದಿನವರು ಮೊದಲ ಮಾತನ್ನು ಇಟ್ಟುಕೊಂಡು ಎರಡನೆಯದನ್ನು ಕೈಬಿಟ್ಟರು.

ಈ ತತ್ತ್ವಜ್ಞಾನಿಗಳ ಬಳಿ ತಮ್ಮ ಮಾತನ್ನು ಒರೆಗೆ ಹಚ್ಚುವ ದಾರಿ ಇರಲಿಲ್ಲ. 1982ರಲ್ಲಿ ಜರ್ಮನಿಯ ಅರ್ಥಶಾಸ್ತ್ರಜ್ಞ ವರ್ನರ್ ಗ್ಯೂಥ್ ಮತ್ತು ಸಂಗಡಿಗರು ಪ್ರಕಟಿಸಿದ ಒಂದು ಪುಟ್ಟ ಆಟ ಆ ದಾರಿಯನ್ನು ತೆರೆಯಿತು. ಅದನ್ನು ನಮ್ಮ ಲೆಕ್ಕದಲ್ಲಿ ಹೇಳುತ್ತೇನೆ. ಇಬ್ಬರು ಆಟಗಾರರು, ಒಬ್ಬರಿಗೊಬ್ಬರು ಯಾರೆಂದು ಗೊತ್ತಿಲ್ಲ, ಆಮೇಲೂ ಗೊತ್ತಾಗುವುದಿಲ್ಲ. ಮೊದಲನೆಯವರ ಕೈಗೆ ಸಾವಿರ ರೂಪಾಯಿ ಕೊಡುತ್ತಾರೆ. ಅದರಲ್ಲಿ ಎರಡನೆಯವರಿಗೆ ಎಷ್ಟು ಎಂದು ಅವರು ಒಂದೇ ಸಲ ಹೇಳಬೇಕು, ಚೌಕಾಸಿ ಇಲ್ಲ. ಎರಡನೆಯವರು ಒಪ್ಪಿದರೆ ಇಬ್ಬರಿಗೂ ಅವರವರ ಪಾಲು. ಒಪ್ಪದಿದ್ದರೆ ಪೂರ್ತಿ ಹಣ ವಾಪಸ್ಸು, ಇಬ್ಬರಿಗೂ ಸೊನ್ನೆ.

ಪಠ್ಯಪುಸ್ತಕದ ಅರ್ಥಶಾಸ್ತ್ರದ ಪ್ರಕಾರ ಉತ್ತರ ಸುಲಭ. ಏನೂ ಸಿಗದಿರುವುದಕ್ಕಿಂತ ಹತ್ತು ರೂಪಾಯಿ ಸಿಗುವುದು ಮೇಲಲ್ಲವೇ? ಆದ್ದರಿಂದ ಎರಡನೆಯವರು ಹತ್ತಕ್ಕೂ ಒಪ್ಪಬೇಕು. ಮೊದಲನೆಯವರಿಗೆ ಇದು ಗೊತ್ತಿರುವುದರಿಂದ ಅವರು ಹತ್ತೇ ಕೊಡಬೇಕು. ಯುರೋಪ್, ಅಮೆರಿಕದ ವಿಶ್ವವಿದ್ಯಾಲಯಗಳಲ್ಲಿ ಆಡಿಸಿ ನೋಡಿದರೆ ಹಾಗಾಗಲೇ ಇಲ್ಲ. ಕೊಡುವವರು ಸಾಮಾನ್ಯವಾಗಿ ನೂರಕ್ಕೆ 40ರಿಂದ 50ರಷ್ಟು ಕೊಟ್ಟರು. ಪಾಲು 20ಕ್ಕಿಂತ ಕೆಳಗಿಳಿದಾಗ ಹೆಚ್ಚುಕಡಿಮೆ ಅರ್ಧದಷ್ಟು ಮಂದಿ ‘ನಿನ್ನ ದುಡ್ಡೂ ಬೇಡ, ನೀನೂ ಬೇಡ’ ಎಂದು ತಳ್ಳಿಬಿಟ್ಟರು. ಅನ್ಯಾಯ ಮಾಡಿದವನಿಗೆ ಪಾಠ ಕಲಿಸಲು ತನ್ನ ಕೈಯ ಹಣ ಕಳೆದುಕೊಳ್ಳಲೂ ಮನುಷ್ಯ ಸಿದ್ಧ ಎಂದಾಯಿತು. ಹೊಲದ ಬದುವಿನ ಒಂದು ಗೇಣು ಜಾಗಕ್ಕೆ ಇಪ್ಪತ್ತು ವರ್ಷ ಕೋರ್ಟಿಗೆ ಅಲೆದವರನ್ನು ಕಂಡಿರುವ ನಮಗೆ ಇದರಲ್ಲಿ ಆಶ್ಚರ್ಯವಿಲ್ಲ, ಅರ್ಥಶಾಸ್ತ್ರಜ್ಞರಿಗೆ ಆಶ್ಚರ್ಯವಾಯಿತು. ಹಾಗಾದರೆ ನ್ಯಾಯಬುದ್ಧಿಯೇ ಮಾನವ ಸ್ವಭಾವ ಎಂದು ಕೆಲವರು ಬರೆದೂಬಿಟ್ಟರು.

1996ರಲ್ಲಿ ಜೋಸೆಫ್ ಹೆನ್ರಿಕ್ ಎಂಬ ಸಂಶೋಧನಾ ವಿದ್ಯಾರ್ಥಿ ಪೆರುವಿನ ಅಮೆಜಾನ್ ಕಾಡಿಗೆ ಹೋಗಿ ಮಚಿಗೆಂಗಾ ಜನರಿಗೆ ಇದೇ ಆಟ ಆಡಿಸಿದ. ಅಲ್ಲಿ ಕೊಡುಗೆಯ ಸರಾಸರಿ ನೂರಕ್ಕೆ 26, ಅತಿ ಹೆಚ್ಚು ಮಂದಿ ಕೊಟ್ಟದ್ದು 15. ತಳ್ಳಿದವರು ಇಲ್ಲವೆನ್ನುವಷ್ಟು ಕಡಿಮೆ. ಹಣ ಹಂಚುವ ಅದೃಷ್ಟ ಅವನಿಗೆ ಬಂತು, ನನಗೆ ಬರಲಿಲ್ಲ, ಅದಕ್ಕೆ ಸಿಟ್ಟೇಕೆ ಎಂಬುದು ಅವರ ನಿಲುವು. ಕುಟುಂಬದಾಚೆಗೆ ಒಟ್ಟಾಗಿ ದುಡಿಯುವ ಪದ್ಧತಿ ಅವರಲ್ಲಿ ಬಹಳ ಕಡಿಮೆ. ಹೆಸರಿಲ್ಲದ ಅಪರಿಚಿತನೊಬ್ಬ ತನಗೆ ಪಾಲು ಕೊಡಬೇಕೆಂಬ ನಿರೀಕ್ಷೆಯೂ ಅಷ್ಟೇ ಕಡಿಮೆ.

ಇದರ ಬೆನ್ನಿಗೆ ಮಾನವಶಾಸ್ತ್ರಜ್ಞರ ತಂಡವೊಂದು 12 ದೇಶಗಳ 15 ಸಣ್ಣ ಸಮುದಾಯಗಳಲ್ಲಿ ಆಟವನ್ನು ಆಡಿಸಿತು. ಇಂಡೊನೇಷ್ಯಾದ ಲಮಲೆರಾ ಎಂಬ ಊರಿನವರು ದೋಣಿಗಳಲ್ಲಿ ಕೂಡಿಹೋಗಿ ತಿಮಿಂಗಿಲ ಬೇಟೆಯಾಡುವವರು. ಸಿಕ್ಕ ತಿಮಿಂಗಿಲದ ಯಾವ ಭಾಗ ಯಾರಿಗೆ ಎಂಬುದಕ್ಕೆ ಅಲ್ಲಿ ಕಟ್ಟುನಿಟ್ಟಾದ ಕ್ರಮವಿದೆ. ಅವರು ಸರಾಸರಿ ಅರ್ಧಕ್ಕಿಂತ ಹೆಚ್ಚೇ ಕೊಟ್ಟರು. ಪಪುವಾ ನ್ಯೂಗಿನಿಯ ಔ ಮತ್ತು ಗ್ನೌ ಜನರಲ್ಲಿ ಕೆಲವರು ಅರ್ಧಕ್ಕಿಂತ ಹೆಚ್ಚು ಕೊಟ್ಟಾಗಲೂ ಬೇಡವೆಂದರು. ಅಲ್ಲಿ ದೊಡ್ಡ ಉಡುಗೊರೆ ಪಡೆದವನು ಕೊಟ್ಟವನ ಹಂಗಿಗೆ ಬೀಳುತ್ತಾನೆ, ಕೇಳಿದಾಗ ತೀರಿಸಬೇಕಾಗುತ್ತದೆ. ಮದುವೆಮನೆಯ ಮುಯ್ಯಿಯ ಪುಸ್ತಕ ಇಟ್ಟುಕೊಂಡವರಿಗೆ ಇದರ ತರ್ಕ ತಟ್ಟನೆ ಹೊಳೆಯುತ್ತದೆ. ಟಾಂಜಾನಿಯಾದ ಹಾಡ್ಜಾ ಬೇಟೆಗಾರರ ವಿಷಯ ಇನ್ನೂ ಸ್ವಾರಸ್ಯಕರ. ಮಾಂಸವನ್ನು ಬಿಡಾರದವರಿಗೆಲ್ಲ ಹಂಚಿ ತಿನ್ನುವ ಈ ಜನ, ಯಾರಿಗೂ ಕಾಣದಂತೆ ಆಡುವ ಆಟದಲ್ಲಿ ಮೂರನೆಯ ಒಂದು ಪಾಲು ಮಾತ್ರ ಕೊಟ್ಟರು. ಹಂಚುವುದು ಅವರ ಗುಣವೋ, ಸುತ್ತಲಿನ ಕಣ್ಣುಗಳ ಫಲವೋ?

ಈ 15 ಸಮುದಾಯಗಳಲ್ಲಿ ಒಂದೂ ಪಠ್ಯಪುಸ್ತಕದ ಸ್ವಾರ್ಥಿಯಂತೆ ನಡೆದುಕೊಳ್ಳಲಿಲ್ಲ. ಎಲ್ಲರೂ ಒಂದೇ ರೀತಿ ನಡೆದುಕೊಳ್ಳಲೂ ಇಲ್ಲ. ಸಂತೆ-ಮಾರುಕಟ್ಟೆಯ ಒಡನಾಟ ಎಷ್ಟಿದೆ, ಕುಟುಂಬದಾಚೆಗಿನವರ ಜೊತೆ ಕೂಡಿ ದುಡಿದರೆ ಎಷ್ಟು ಲಾಭ ಎಂಬ ಎರಡು ಸಂಗತಿಗಳು ವ್ಯತ್ಯಾಸದ ದೊಡ್ಡ ಪಾಲನ್ನು ವಿವರಿಸಿದವು. 2010ರಲ್ಲಿ ಹೆನ್ರಿಕ್ ಇನ್ನಿಬ್ಬರೊಡನೆ ಬರೆದ ಲೇಖನ ಇಡೀ ಮನಃಶಾಸ್ತ್ರದ ಮೇಲೇ ಬೆರಳು ತೋರಿಸಿತು: ಪ್ರಮುಖ ಪತ್ರಿಕೆಗಳ ಅಧ್ಯಯನಗಳಲ್ಲಿ ಭಾಗವಹಿಸಿದವರ ಪೈಕಿ ನೂರಕ್ಕೆ 96 ಮಂದಿ, ಜಗತ್ತಿನ ಜನಸಂಖ್ಯೆಯ ನೂರಕ್ಕೆ 12 ಭಾಗವಷ್ಟೇ ಇರುವ ದೇಶಗಳವರು. ಅದರಲ್ಲೂ ದೊಡ್ಡ ಪಾಲು ಕಾಲೇಜು ವಿದ್ಯಾರ್ಥಿಗಳು. ಅವರ ನಡತೆಗೆ ‘ಮಾನವ ಸ್ವಭಾವ’ ಎಂಬ ಹೆಸರಿಟ್ಟಿದ್ದರು.

ಇಷ್ಟು ಕೇಳಿದವರು ‘ಹಾಗಾದರೆ ಎಲ್ಲವೂ ಸಂಸ್ಕೃತಿಯ ಆಟ, ಸ್ವಭಾವವೆಂಬುದೇ ಇಲ್ಲ’ ಎಂದು ಹೊರಡುವುದುಂಟು. ಅದೂ ಅವಸರದ ಮಾತು. ಈಶಾನ್ಯ ಭಾರತದ ಎಂಟು ಹಳ್ಳಿಗಳಲ್ಲಿ ಇದೇ ಆಟವನ್ನು 20 ರೂಪಾಯಿಯಿಂದ 20,000 ರೂಪಾಯಿವರೆಗಿನ ಮೊತ್ತಗಳಲ್ಲಿ ಆಡಿಸಿದ ಅಧ್ಯಯನ 2011ರಲ್ಲಿ ಪ್ರಕಟವಾಯಿತು. ಸಣ್ಣ ಮೊತ್ತದಲ್ಲಿ ಕಡಿಮೆ ಪಾಲನ್ನು ಮುಖಕ್ಕೆ ಎಸೆದವರಿದ್ದರು. 20,000ದ ಆಟದಲ್ಲಿ ಪಾಲು ಕಡಿಮೆಯಾದರೂ ಬಹುತೇಕ ಯಾರೂ ತಳ್ಳಲಿಲ್ಲ. ಹಲವು ತಿಂಗಳ ಕೂಲಿ ಎದುರಿಗೆ ಬಂದು ನಿಂತಾಗ ಸಿಟ್ಟು ನುಂಗಿಕೊಳ್ಳುವುದು ಸಣ್ಣತನವೆಂದು ನಾನಂತೂ ಹೇಳಲಾರೆ. ಅನ್ಯಾಯಕ್ಕೆ ಸಿಡಿಮಿಡಿಗೊಳ್ಳುವುದು ನಿಜ, ಆ ಸಿಟ್ಟಿಗೆ ಒಂದು ಬೆಲೆ ಇರುವುದೂ ನಿಜ.

ಹಾಗಿದ್ದರೆ ಎಲ್ಲೆಡೆ ಕಾಣುವ ಗುಣ ಯಾವುದು? ನನಗೆ ಒಪ್ಪಿಗೆಯಾಗುವ ಉತ್ತರ ಇನ್ನೊಂದು ಬಗೆಯ ಪ್ರಯೋಗದಿಂದ ಬಂದದ್ದು. ಕೆಲವರನ್ನು ಕೂಡಿಸಿ, ಎಲ್ಲರಿಗೂ ಲಾಭ ತರುವ ಒಂದು ಹುಂಡಿಗೆ ಹಣ ಹಾಕಲು ಹೇಳುತ್ತಾರೆ. ಹಾಕದೆಯೇ ಲಾಭ ಪಡೆಯುವ ಅವಕಾಶವೂ ಇರುತ್ತದೆ. ಸ್ವಿಟ್ಜರ್ಲೆಂಡಿನಲ್ಲಿ ನಡೆಸಿ 2001ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಸುಮಾರು ಅರ್ಧದಷ್ಟು ಜನ ‘ಉಳಿದವರು ಹಾಕಿದಷ್ಟು ನಾನೂ ಹಾಕುತ್ತೇನೆ’ ಎನ್ನುವವರಾಗಿದ್ದರು. ಏನೂ ಹಾಕದವರು ಹೆಚ್ಚುಕಡಿಮೆ ಮೂರನೆಯ ಒಂದು ಭಾಗ. ಸುತ್ತು ಮುಂದುವರಿದಂತೆ ಆ ಮೂರನೆಯ ಒಂದು ಭಾಗವನ್ನು ನೋಡಿ ಉಳಿದವರೂ ಕೈ ಹಿಂತೆಗೆಯುತ್ತಾರೆ, ಹುಂಡಿ ಬರಿದಾಗುತ್ತದೆ. ಕೊಡದವರಿಗೆ ದಂಡ ಹಾಕುವ ಅವಕಾಶವನ್ನು ಆಟಗಾರರಿಗೇ ಕೊಟ್ಟಾಗ, ದಂಡ ಹಾಕಲು ತಮ್ಮ ಹಣವೇ ಖರ್ಚಾದರೂ ಅವರು ಹಾಕುತ್ತಾರೆ. ಹುಂಡಿ ಮತ್ತೆ ತುಂಬುತ್ತದೆ. (ಎಲ್ಲ ಊರುಗಳಲ್ಲೂ ಅಲ್ಲ. 16 ನಗರಗಳಲ್ಲಿ ಆಡಿಸಿ 2008ರಲ್ಲಿ ಪ್ರಕಟಿಸಿದಾಗ, ಅಥೆನ್ಸ್ ಮತ್ತು ಮಸ್ಕತ್‌ಗಳಲ್ಲಿ ಹೆಚ್ಚು ಕೊಟ್ಟವರಿಗೇ ದಂಡ ಹಾಕಿದವರು ಬಹಳ ಮಂದಿ ಇದ್ದರು. ಒಳ್ಳೆಯತನ ತೋರಿಸಿ ಬೈಸಿಕೊಳ್ಳುವುದು ನಮ್ಮಲ್ಲೂ ಅಪರೂಪವಲ್ಲ.)

ಹುಂಡಿ ಬರಿದಾಗದಂತೆ ಕಾಯುವ ಇಂಥ ಏರ್ಪಾಡು ನಮ್ಮಲ್ಲೂ ಇತ್ತು. ಹಳೆ ಮೈಸೂರಿನ ಕೆರೆಗಳಿಗೆ ಒಬ್ಬ ನೀರಗಂಟಿ ಇರುತ್ತಿದ್ದ. ತೂಬು ಎತ್ತುವುದು, ಸರದಿಯಂತೆ ಗದ್ದೆಗಳಿಗೆ ನೀರು ಬಿಡುವುದು ಅವನ ಕೆಲಸ. ಪ್ರತಿಫಲ ಸುಗ್ಗಿಯ ಧಾನ್ಯದಲ್ಲಿ ಪಾಲು. ರೈತರೆಲ್ಲ ಕಳ್ಳರೆಂದು ಅವನನ್ನು ಇಟ್ಟದ್ದಲ್ಲ, ಸಾಧುಗಳೆಂದು ನಂಬಿ ಕೈಬಿಟ್ಟದ್ದೂ ಅಲ್ಲ. ಪಕ್ಕದವನು ರಾತ್ರಿ ಕಾಲುವೆ ಒಡೆಯಲಾರ ಎಂಬ ಭರವಸೆಯಿದ್ದರೆ ಹೆಚ್ಚಿನವರು ತಮ್ಮ ಸರದಿಗೆ ಕಾಯುತ್ತಾರೆ. ಆ ಭರವಸೆಯೇ ನೀರಗಂಟಿಯ ನಿಜವಾದ ಕೆಲಸ.

ದಂಡವೆಂದರೆ ಎಲ್ಲೆಡೆ ಒಂದೇ ಪರಿಣಾಮ ಎಂದುಕೊಳ್ಳಬಾರದು. ಇಸ್ರೇಲಿನ ಹೈಫಾ ನಗರದ ಶಿಶುವಿಹಾರಗಳಲ್ಲಿ ಸಂಜೆ ಮಕ್ಕಳನ್ನು ಕರೆದೊಯ್ಯಲು ಕೆಲವು ತಂದೆತಾಯಂದಿರು ತಡಮಾಡುತ್ತಿದ್ದರು. ಹತ್ತು ಶಿಶುವಿಹಾರಗಳನ್ನು ಆರಿಸಿಕೊಂಡ ಅರ್ಥಶಾಸ್ತ್ರಜ್ಞರಾದ ಯೂರಿ ಗ್ನೀಜಿ ಮತ್ತು ಆಲ್ಡೊ ರುಸ್ಟಿಕಿನಿ, ಅವುಗಳಲ್ಲಿ ಆರರಲ್ಲಿ ಹತ್ತು ನಿಮಿಷ ಮೀರಿ ತಡವಾದರೆ 10 ಶೆಕೆಲ್ ದಂಡ ಎಂಬ ನಿಯಮ ತರಿಸಿದರು. ತಡವಾಗಿ ಬರುವವರು ಹೆಚ್ಚುಕಡಿಮೆ ಇಮ್ಮಡಿಯಾದರು. ಮೊದಲು ‘ಪಾಪ, ಆಯಾ ಕಾಯುತ್ತಿರುತ್ತಾಳೆ’ ಎಂಬ ಸಂಕೋಚವಿತ್ತು. ಈಗ ಕಾಯಿಸುವುದಕ್ಕೆ ದುಡ್ಡು ಕೊಟ್ಟಾಯಿತಲ್ಲ. ಕೆಲವು ವಾರಗಳ ನಂತರ ದಂಡ ತೆಗೆದುಹಾಕಿದರೂ ಹಳೆಯ ಸಂಕೋಚ ವಾಪಸ್ಸು ಬರಲಿಲ್ಲ. ಜನರನ್ನು ಲಾಭನಷ್ಟ ಎಣಿಸುವವರೆಂದು ಭಾವಿಸಿ ತಂದ ನಿಯಮ ಅವರನ್ನು ಹಾಗೆ ಎಣಿಸುವವರನ್ನಾಗಿ ಮಾಡಿತು. ಗ್ರಹಗಳ ಬಗ್ಗೆ ಏನೇ ಸಿದ್ಧಾಂತ ಹೂಡಿದರೂ ಅವು ತಮ್ಮ ಪಾಡಿಗೆ ಸುತ್ತುತ್ತವೆ. ಮನುಷ್ಯ ತನ್ನ ಬಗೆಗಿನ ಸಿದ್ಧಾಂತವನ್ನು ಕೇಳಿಸಿಕೊಳ್ಳುತ್ತಾನೆ.

ಕಾಲೇಜಿನ ಅರ್ಜಿಗೂ ಕೆಲಸದ ಅರ್ಜಿಗೂ ಅಂಕಪಟ್ಟಿಯ ಜೆರಾಕ್ಸ್ ಮೇಲೆ ಗೆಜೆಟೆಡ್ ಅಧಿಕಾರಿಯ ಸಹಿ-ಮೊಹರಿಗಾಗಿ ಅಲೆದ ತಲೆಮಾರು ನಮ್ಮದು. ಅರ್ಜಿದಾರ ಸುಳ್ಳುಗಾರ ಎಂಬುದು ಆ ನಿಯಮದ ಊಹೆ. ಪ್ರಾಮಾಣಿಕನಿಗೆ ಅದು ಅರ್ಧ ದಿನದ ಕೆಲಸ ಕೆಡಿಸಿತು. ಪರಿಚಯದ ಅಧಿಕಾರಿ ಇದ್ದವನಿಗೆ ಮೂಲಪ್ರತಿ ನೋಡದೆಯೇ ಸಹಿ ಬಿತ್ತು. 2014ರಲ್ಲಿ ಕೇಂದ್ರ ಸರ್ಕಾರ ಇಲಾಖೆಗಳಿಗೆ ಸ್ವಯಂ ದೃಢೀಕರಣವನ್ನೇ ಒಪ್ಪಿಕೊಳ್ಳುವಂತೆ ಹೇಳಿತು: ಅರ್ಜಿದಾರ ತಾನೇ ಸಹಿ ಹಾಕಲಿ, ಮೂಲ ದಾಖಲೆಗಳನ್ನು ಕೊನೆಯ ಹಂತದಲ್ಲಿ ನೋಡೋಣ, ಸುಳ್ಳಾದರೆ ಕಾನೂನು ಇದ್ದೇ ಇದೆ. ಹ್ಯೂಮನ ಠಕ್ಕನಿಗೂ ಇದರಲ್ಲಿ ಜಾಗ ಇಟ್ಟಿದ್ದಾರೆ, ಆದರೆ ಬಾಗಿಲಲ್ಲಿ ನಿಂತ ಪ್ರತಿಯೊಬ್ಬರನ್ನೂ ಅವನೆಂದು ತಿಳಿದಿಲ್ಲ. ಇನ್ನೂ ಮೊಹರು ಕೇಳುವ ಕೌಂಟರುಗಳು, ಅದೂ ಯಾರೂ ತೆರೆದು ನೋಡದ ಪ್ರತಿಗಳ ಮೇಲೆ ಕೇಳುವಂಥವು, ಯಾವ ಕಳ್ಳನನ್ನು ತಡೆಯುತ್ತಿವೆ ಎಂದು ಆಯಾ ಇಲಾಖೆಯವರು ಲೆಕ್ಕ ಕೊಡಬೇಕು.