ಆ ರಾತ್ರಿಯ ಇಂಜೆಕ್ಷನ್

ಎಂಬ್ರಿಯೋ ಟ್ರಾನ್ಸ್‌ಫರ್ ಆಗಿ 9ನೇ ದಿನ, ಆಫೀಸ್ ವಾಶ್‌ರೂಮಿನಲ್ಲಿ ಸಣ್ಣ ರಕ್ತದ ಕಲೆ ಕಂಡಿತು. ಎಲ್ಲಾ ಮುಗೀತು ಅಂದ್ಕೊಂಡೆ. ರಾತ್ರಿಯ ಪ್ರೊಜೆಸ್ಟರಾನ್ ಇಂಜೆಕ್ಷನ್ ಬೇಡವೇ ಬೇಡ ಎಂದು ಹಟ ಹಿಡಿದೆ. “ಮೊದ್ಲು ಡಾಕ್ಟರಿಗೆ ಫೋನ್ ಮಾಡು” ಅಂದ್ರು ಇವರು.

ನನ್ನದು ಮಾತ್ರೆ ಕೊಟ್ಟು ಗರ್ಭಕೋಶ ಸಿದ್ಧಪಡಿಸಿದ ಫ್ರೋಜನ್ ಟ್ರಾನ್ಸ್‌ಫರ್. ಅಂಡ ಬಿಡುಗಡೆ ಆಗಿಲ್ಲ, ಹಾಗಾಗಿ ದೇಹ ತಾನಾಗಿ ಪ್ರೊಜೆಸ್ಟರಾನ್ ತಯಾರಿಸೋದಿಲ್ಲ. ಗರ್ಭ ನಿಂತರೆ, ಪ್ಲಾಸೆಂಟಾ ಆ ಕೆಲಸ ವಹಿಸಿಕೊಳ್ಳುವ ತನಕ, ಅಂದರೆ ಸುಮಾರು 10–12 ವಾರ ತುಂಬುವವರೆಗೆ, ಹೊರಗಿನಿಂದಲೇ ಕೊಡಬೇಕು. “ಕಲೆ ಕಂಡಿತೆಂದು ನೀವಾಗಿಯೇ ನಿಲ್ಲಿಸಬೇಡಿ. ರಕ್ತಪರೀಕ್ಷೆ ಹೇಳಲಿ” ಅಂದ್ರು ಡಾಕ್ಟರ್.

ಅಳುತ್ತಲೇ ಚುಚ್ಚಿಸಿಕೊಂಡೆ. 3 ದಿನದ ಬಳಿಕ ರಿಪೋರ್ಟ್ ಪಾಸಿಟಿವ್. ನೆಗೆಟಿವ್ ಬಂದಿದ್ದರೂ, ನಾನೇ ನಿಲ್ಲಿಸಿಬಿಟ್ಟೆನಲ್ಲಾ ಅನ್ನೋ ಕೊರಗಂತೂ ಉಳಿಯುತ್ತಿರಲಿಲ್ಲ.